ಧನಪಾಲ ಸರ್ ಅವರ ಪೇಢೆ ಸಿದ್ಧಾಂತ

ಶಿರಗುಪ್ಪಿಯ ಧನಪಾಲ ಸರ್ ಚಿಕ್ಕೋಡಿಯ ಒಂದು ಬಿ.ಎಡ್. ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾದವರು. ಮಗು ಮಾತು ಕಲಿಯುವುದು ಅನುಕರಣೆಯಿಂದ, ಸರಿಯಾಗಿ ಅಂದಾಗ ಸಿಗುವ ಬಹುಮಾನದಿಂದ ಎಂದು ಸೇವೆಯುದ್ದಕ್ಕೂ ಬೋರ್ಡಿನ ಮೇಲೆ ಬರೆದಿದ್ದರು. ತಮ್ಮ ಮಕ್ಕಳು ಮಾತು ಕಲಿಯುವಾಗ ಅವರು ಉತ್ತರಪತ್ರಿಕೆ ತಿದ್ದುವುದರಲ್ಲಿ ಮುಳುಗಿದ್ದರಿಂದ ಆ ಸಿದ್ಧಾಂತವನ್ನು ಜೀವಂತ ಮಗುವಿನ ಮೇಲೆ ಪರೀಕ್ಷಿಸುವ ಅವಕಾಶ ಒದಗಿರಲಿಲ್ಲ. ಮೊಮ್ಮಗಳು ಅಪೂರ್ವ ಎರಡು ವರ್ಷ ತುಂಬಿದರೂ ಸರಿಯಾಗಿ ಮಾತಾಡದಿದ್ದಾಗ ಮನೆಯವರಿಗೆಲ್ಲ ಚಿಂತೆ ಹತ್ತಿತು. ಸರ್ ಅವರಿಗೆ ಮಾತ್ರ ಹುರುಪು ಬಂತು.

ಹೆಂಡತಿ ರಾಜಮತಿ ಮಾತು ಬೇಗ ಬರಲೆಂದು ಬಜೆ ಬೇರು ತೇಯ್ದು ಕೂಸಿನ ನಾಲಿಗೆಗೆ ಹಚ್ಚಿದರು. ಕೂಸು ಉಗುಳಿತು. ಸರ್ ಅದನ್ನು ಮೂಢನಂಬಿಕೆ ಎಂದು ನಕ್ಕು ಪೇಢೆಯ ಡಬ್ಬಿ ತಂದರು. ಚೆಂಡು ತೋರಿಸಿದಾಗ "ಚೆಂಡು" ಅಂದರೆ ಒಂದು ಚೂರು, ಅನ್ನದಿದ್ದರೆ ಇಲ್ಲ. ಒಂದು ದಿನ ಬಾಗಿಲ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹಾಯುವಾಗ ಕೂಸು ಬೆರಳು ಮಾಡಿ "ಊಸ" ಎಂದಿತು. ಕಬ್ಬಿಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಮರಾಠಿ ಮನೆಮಾತಿನ ಭೋಜದ ಕಡೆಯ ಸೊಸೆ, ಕೂಸಿನ ತಾಯಿ ತೃಪ್ತಿಯ ಬಾಯಿಂದ ಕೇಳಿದ್ದು. ಪಠ್ಯಕ್ರಮದ ಹೊರಗಿನ ಉತ್ತರವೆಂದು ಸರ್ ಪೇಢೆ ಕೊಡಲಿಲ್ಲ. ಹೀಗೆ ಉಳಿದ ಚೂರುಗಳು ಕೆಡಬಾರದೆಂದು ತಾವೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆಯಿಂದಾಗಿ ಅವರಿಗೆ ಮನೆಯಲ್ಲಿ ಸಿಹಿ ಬಂದ್ ಆಗಿತ್ತು. ಆದರೆ ವಿಜ್ಞಾನವನ್ನು ಯಾರು ತಡೆದಾರು?

ಕೂಸು "ಚೆಂಡು", "ಹಾಲು" ಅನ್ನತೊಡಗಿದ್ದೇ ತಡ, ಸರ್ ಹಳೆಯ ಕಾಲೇಜಿಗೆ ಫೋನು ಮಾಡಿ ಪ್ರಾತ್ಯಕ್ಷಿಕೆ ಗೊತ್ತು ಮಾಡಿಕೊಂಡರು. ಅಲ್ಲಿ ಅವರ ಜಾಗಕ್ಕೆ ಬಂದಿದ್ದ ಬಾಹುಬಲಿ, ಭಾಷೆಯ ನಿಯಮಗಳು ಹುಟ್ಟಿನಿಂದಲೇ ಮಿದುಳಿನಲ್ಲಿರುತ್ತವೆ ಎಂಬ ಪಕ್ಷದವನು. ಅವನ ಬಾಯಿ ಎಲ್ಲರೆದುರು ಮುಚ್ಚಿಸಬೇಕೆಂಬುದು ಸರ್ ಅವರ ಆಸೆ.

ಆ ದಿನ ಕಾಲೇಜಿನಲ್ಲಿ ವಿದ್ಯಾರ್ಥಿಗಳೆದುರು ಅಪೂರ್ವಳನ್ನು ಮೇಜಿನ ಮೇಲೆ ಕೂರಿಸಿದರು. ರಾಜಮತಿ ಪಕ್ಕದಲ್ಲಿ ನಿಂತರು. ಸರ್ ಚೆಂಡು ಎತ್ತಿ ಹಿಡಿದು ಇದೇನು ಎಂದರು. ಕೂಸು ಡಬ್ಬಿ ನೋಡಿತು. ಮತ್ತೆ ಕೇಳಿದರು, ಮತ್ತೆ ಡಬ್ಬಿಯನ್ನೇ ನೋಡಿತು. ಸರ್ ಬೆವತರು, ಗಾಬರಿಯಲ್ಲಿ ಕೈಯಲ್ಲಿದ್ದ ಚೂರು ರೂಢಿಯಂತೆ ಬಾಯಿಗೆ ಹೋಯಿತು. ಆಗ ಅಪೂರ್ವ ಅಜ್ಜಿಯ ಕಡೆ ತಿರುಗಿ ಜನ್ಮದ ಮೊದಲ ಪೂರ್ಣ ವಾಕ್ಯ ಆಡಿದಳು.

"ಅಜ್ಜ ಪೇಢೆ ತಿನ್ನಿದ. ನನಗ ಕೊಡಲಿಲ್ಲ."

ಕೋಣೆಯೆಲ್ಲ ನಕ್ಕಿತು. ರಾಜಮತಿ ನಗಲಿಲ್ಲ, ಗಂಡನನ್ನು ನೋಡಿದರು. ಬಾಹುಬಲಿ ಜಿಗಿದು ಎದ್ದ.

"ತಿಂದ ಅಂತ ನಾವೆಲ್ಲ ಅಂತೀವ್ರಿ ಸರ್. ತಿನ್ನಿದ ಅಂತ ಇದಕ್ಕ ಯಾರು ಕಲಿಸ್ಯಾರ? ಮಾಡಿದ, ನೋಡಿದ ಇದ್ದಂಗ ತಿನ್ನಿದ. ನಿಯಮ ತಾನ ಕಟ್ಟೇತಿ."

"ಮಾಡಿದ, ನೋಡಿದ ಯಾರ ಬಾಯಿಂದ ಕೇಳೇತಿ ಮತ್ತ? ಅದೂ ಮಿದುಳಿನ್ಯಾಗ ಬರೆದಿತ್ತೇನು?" ಎಂದರು ಸರ್, ತುಂಬಿದ ಬಾಯಿಯಲ್ಲೇ.

ಗಂಟೆ ಹೊಡೆಯುವತನಕ ಇಬ್ಬರೂ ಜಗಳಾಡಿದರು. ಅಷ್ಟರಲ್ಲಿ ಕೂಸು ಡಬ್ಬಿ ಖಾಲಿ ಮಾಡಿತು.

ಆಮೇಲೆ ಕಾಲೇಜಿನಲ್ಲಿ ಅವರಿಗೆ "ತಿನ್ನಿದ ಸರ್" ಎಂಬ ಹೆಸರು ಬಿತ್ತು. ಅವಮಾನದಿಂದ ಸರ್ ಚಿಕ್ಕೋಡಿಯ ದಾರಿಯನ್ನೇ ಬಿಟ್ಟರು. ಬೇಸಿಗೆಯ ಹೊತ್ತಿಗೆ ಬಾಹುಬಲಿಯ ಫೋನು ಬಂತು. ಅವನು "ತಿನ್ನಿದ" ಕುರಿತು ಪ್ರಬಂಧ ಬರೆಯುತ್ತಿದ್ದ. ಕೂಸಿನ ಮಾತು ರೆಕಾರ್ಡ್ ಮಾಡಲು ಬಿಟ್ಟರೆ ಸರ್ ಹೆಸರನ್ನೂ ಸೇರಿಸುವೆನೆಂದ. ವಿರೋಧಿಯ ಸಿದ್ಧಾಂತಕ್ಕೆ ಹೆಸರು ಕೊಡುವುದು ಸರಿಯೇ ಎಂದು ಸರ್ ಬಹಳ ಹೊತ್ತು ಯೋಚಿಸಿ, ಯಾರ ಹೆಸರು ಮೊದಲು ಬರುತ್ತದೆ ಎಂದು ಕೇಳಿದರು.

ಬಾಹುಬಲಿ ಮನೆಗೆ ಬಂದಾಗ ಅಪೂರ್ವ ಎರಡೂ ಭಾಷೆಯಲ್ಲಿ ಎಡೆಬಿಡದೆ ಮಾತಾಡುತ್ತಿದ್ದಳು. ಅಜ್ಜ ಏನು ಮಾಡಿದ ಎಂದು ಕೇಳಿದರೆ, ಪೇಢೆ ತಿಂದ ಎಂದಳು. ಬಾಹುಬಲಿಯ ಮುಖ ಇಳಿಯಿತು. ಸರ್ ಜೇಬಿನಿಂದ ಒಂದು ಪೇಢೆ ತೆಗೆದರು. ಸರಿ ಉತ್ತರಕ್ಕಲ್ಲ, ತಪ್ಪು ಉತ್ತರಕ್ಕೆ.

"ಒಮ್ಮೆ ತಿನ್ನಿದ ಅನ್ನವ್ವ."

"ಹಂಗ ಅನ್ನಬಾರದು ಅಜ್ಜಾ," ಎಂದು ಅಪೂರ್ವ ಗದರಿ ಹೊರಗೆ ಓಡಿದಳು.

ಪ್ರಬಂಧ ಹೇಗೋ ಅಚ್ಚಾಯಿತು. ಅದರಲ್ಲಿ ಸರ್ ಹೆಸರು ಮೊದಲೂ ಇರಲಿಲ್ಲ, ಕೊನೆಗೂ ಇರಲಿಲ್ಲ. "ಮಗುವಿನ ಅಜ್ಜ" ಎಂದಷ್ಟೇ ಇತ್ತು. ಸರ್ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಅದು ತಾವೇ ಎಂದು ಮನೆಗೆ ಬಂದವರಿಗೆಲ್ಲ ತೋರಿಸಿದರು.