ಗೇಟಿನ ಹೊರಗೆ ನಿಂತ ಹೆಂಗಸು

ಆ ಬೀದಿಯಲ್ಲಿ ಅವಳು ಎಲ್ಲರಿಗೂ ಟೈಲರಕ್ಕ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಕಸುಬು. ಟೇಪು ಹಿಡಿಯುವ ಮೊದಲೇ ಮಗುವಿನ ಭುಜ ಎಷ್ಟು ಅಂಗುಲ ಎಂದು ಹೇಳಿಬಿಡುವಂಥ ಕಣ್ಣಳತೆ. ಹತ್ತೊಂಬತ್ತು ವರ್ಷದಲ್ಲಿ ಏಳು ಬಾಡಿಗೆ ಮನೆ ಬದಲಾಯಿಸಿ, ಪ್ರತಿ ಸಲವೂ ಹೊಲಿಗೆ ಯಂತ್ರವನ್ನು ಕೂಸಿನ ಹಾಗೆ ಜೋಪಾನವಾಗಿ ಸಾಗಿಸಿ, ಐವತ್ತೊಂದನೆಯ ವಯಸ್ಸಿಗೆ ಅಂತೂ ಇಂತೂ ಸ್ವಂತ ಮನೆ ಮಾಡಿಕೊಂಡಿದ್ದಳು. ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ತೆರೆದ ಒಂದು ಕಿಟಕಿ. ಯಂತ್ರಕ್ಕೆ ಆ ಕಿಟಕಿಯ ಕೆಳಗೇ ಜಾಗ ಸಿಕ್ಕಿತು.

ಮನೆಗೆ ಬಂದ ಮೂರನೆಯ ವಾರದಲ್ಲಿ, ಎದುರಿನ ವಿದ್ಯುತ್ ಕಂಬದ ಬಳಿ ಒಬ್ಬ ಹೆಂಗಸು ನಿಂತಿರುವುದು ಕಂಡಿತು. ಅರವತ್ತರ ಆಸುಪಾಸು, ಕೈಯಲ್ಲಿ ಮಡಚಿದ ಕೊಡೆ. ಯಾರಿಗೋ ಕಾಯುತ್ತಿರಬೇಕು ಎಂದುಕೊಂಡಳು ಟೈಲರಕ್ಕ. ಮರುದಿನವೂ ಅದೇ ಹೊತ್ತಿಗೆ ಅದೇ ಹೆಂಗಸು. ಅವಳು ದಾರಿ ನೋಡುತ್ತಿರಲಿಲ್ಲ, ಮನೆ ನೋಡುತ್ತಿದ್ದಳು. ಮೂರನೆಯ ದಿನ ರಸ್ತೆ ದಾಟಿ ಗೇಟಿನ ಹತ್ತಿರ ಬಂದಳು. ಆ ಗೇಟಿನ ಚಿಲಕ ಬಹಳ ಹಟಮಾರಿ. ಸ್ವಲ್ಪ ಮೇಲೆತ್ತಿ, ಎಡಕ್ಕೆ ಒತ್ತಿ ಎಳೆದರೆ ಮಾತ್ರ ಬಿಡುತ್ತಿತ್ತು. ಹಾಲಿನವನಿಗೆ ಇನ್ನೂ ಕೈ ಕುದುರಿರಲಿಲ್ಲ. ಈ ಹೆಂಗಸು ಕಣ್ಣು ಹಾಯಿಸದೆಯೇ ಎತ್ತಿ, ಒತ್ತಿ, ತೆಗೆದಳು. ಒಂದು ಕ್ಷಣ ನಿಂತು ಮತ್ತೆ ಹಾಕಿ ಹೊರಟುಹೋದಳು.

ಟೈಲರಕ್ಕ ಹೊಲಿಗೆ ನಿಲ್ಲಿಸಿಬಿಟ್ಟಳು.

ಸಂಜೆ ಗಂಡ ಕೆಲಸದಿಂದ ಬಂದ. ಅವನು ಲಿಫ್ಟ್ ರಿಪೇರಿಯವನು. ಹತ್ತು ಮಹಡಿಯ ಗುಂಡಿಯೊಳಗೆ ಹಗ್ಗಕ್ಕೆ ಜೋತುಬಿದ್ದು ಸಿಳ್ಳೆ ಹಾಕುವ ಗಂಡಸು, ಸರ್ಕಾರಿ ಮುದ್ರೆ ಇರುವ ಕಾಗದ ಕಂಡರೆ ಮಾತ್ರ ಬೆವರುತ್ತಿದ್ದ.

"ರೀ, ಔಷಧಿ ಅಂಗಡಿಯವರು ನಮಗೆ ಈ ಮನೆ ಮಾರುವಾಗ ತಂಗಿ ವಿಷಯ ಏನೋ ಹೇಳಿದ್ರಲ್ಲ?"

"ದೂರದಲ್ಲಿದ್ದಾಳೆ, ಅಮ್ಮ ತೀರಿಕೊಂಡ ಮೇಲೆ ತನ್ನ ಪಾಲು ಬಿಟ್ಟುಕೊಟ್ಟು ಸಹಿ ಹಾಕಿದ್ದಾಳೆ ಅಂದ್ರು. ಆ ಪತ್ರಾನೂ ಬೀರುವಿನಲ್ಲಿದೆ. ಯಾಕೆ?"

"ಅವಳೇ ಬರ್ತಿದ್ದಾಳೆ ಅನ್ಸುತ್ತೆ."

ಗಂಡ ತುತ್ತು ಕೈಯಲ್ಲೇ ಹಿಡಿದು ಕೂತ.

ಮರುದಿನ ಇಬ್ಬರೂ ತಮ್ಮ ವಕೀಲರ ಮುಂದೆ ಕೂತಿದ್ದರು. ವಕೀಲರು ಹಕ್ಕು ಬಿಡುಗಡೆ ಪತ್ರವನ್ನು ತಿರುವಿ ನೋಡಿ ಕನ್ನಡಕ ತೆಗೆದಿಟ್ಟರು. "ನೋಡಿ ಅಮ್ಮ, ಆಕೆ ತಿಳಿದೂ ಒಪ್ಪಿ ಸಹಿ ಹಾಕಿದ್ರೆ ನಿಮಗೇನೂ ತೊಂದರೆ ಇಲ್ಲ. ಮೋಸದಿಂದ ಹಾಕಿಸಿಕೊಂಡಿದ್ದು ಅಂತ ಸಾಬೀತು ಮಾಡಿದ್ರೆ ಕಷ್ಟ. ಅಣ್ಣ ತನ್ನದಲ್ಲದ ಅರ್ಧಾನೂ ಸೇರಿಸಿ ನಿಮಗೆ ಮಾರಿದ ಹಾಗಾಗುತ್ತೆ."

"ಅರ್ಧ ಅಂದ್ರೆ ಯಾವ ಅರ್ಧ ಸಾರ್?"

"ಅದನ್ನ ಕೋರ್ಟು ಹೇಳಬೇಕು. ಸದ್ಯಕ್ಕೆ ಆಕೆ ಬಂದ್ರೆ ಮಾತಾಡಬೇಡಿ. ಯಾವ ಕಾಗದಾನೂ ತೋರಿಸಬೇಡಿ."

ಅಂದಿನಿಂದ ಟೈಲರಕ್ಕ ಮನಸ್ಸಿನಲ್ಲೇ ಮನೆಗೆ ಕತ್ತರಿ ಆಡಿಸತೊಡಗಿದಳು. ಅಡುಗೆಮನೆ ಅವಳಿಗೆ ಹೋದರೆ ಒಲೆ ಎಲ್ಲಿಡುವುದು? ಕಿಟಕಿಯ ಕೋಣೆ ಹೋದರೆ ಯಂತ್ರಕ್ಕೆ ಬೆಳಕೆಲ್ಲಿ? ಒಂದು ಮಧ್ಯಾಹ್ನ ಒಂದೇ ಅಂಗಿಗೆ ಎರಡೂ ಎಡತೋಳು ಹಚ್ಚಿಬಿಟ್ಟಳು. ಬಿಚ್ಚಲು ಕೂತಾಗ ಸೂಜಿ ಉಗುರಿಗೆ ಚುಚ್ಚಿತು. ತಲೆಯೆತ್ತಿದರೆ ಕಿಟಕಿಯ ಸರಳಿನಾಚೆ ಆ ಮುಖ.

"ನೀವೇನಾ ಅಮ್ಮ ಈ ಮನೆ ತಗೊಂಡವರು?"

ವಕೀಲರು ಮಾತಾಡಬೇಡಿ ಎಂದಿದ್ದರು. ಆದರೆ ಮುಖಕ್ಕೆ ಮುಖ ಕೊಟ್ಟು ನಿಂತವಳ ಎದುರು ಮೂಕಿಯಾಗುವುದು ಹೇಗೆ? "ಹೌದು" ಎಂದಳು.

"ಮೂರು ದಿನ ಬಂದು ವಾಪಸ್ ಹೋದೆ. ಬಾಗಿಲು ತಟ್ಟೋಕೆ ಧೈರ್ಯ ಬರಲಿಲ್ಲ. ನೀವು ಬೈದು ಓಡಿಸ್ತೀರೇನೋ ಅಂತ." ಹೆಂಗಸು ಕೊಡೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು. "ಅಮ್ಮ ಹೋದ ಹದಿನೈದನೇ ದಿನ ಅಣ್ಣ ಯಾವುದೋ ಆಫೀಸಿಗೆ ಕರ್ಕೊಂಡು ಹೋದ. ಮನೆ ತೆರಿಗೆ ಇಬ್ಬರ ಹೆಸರಿಗೂ ಮಾಡಿಸೋಣ ಅಂದ. ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು ನನಗೆ. ಅವನು ಬೆರಳಿಟ್ಟ ಕಡೆ ಸಹಿ ಹಾಕಿದೆ. ಆಪರೇಷನ್ ಆಗಿ ಕಣ್ಣು ಕಂಡ ಮೇಲೆ ಬಂದು ನೋಡ್ತೀನಿ, ಮನೇಲಿ ಬೇರೆಯವರು. ನಾನು ಏನಕ್ಕೆ ಸಹಿ ಹಾಕಿದ್ದು ಅಂತ ತಿಳೀಬೇಕಿತ್ತು. ಅಷ್ಟೇ."

ಟೈಲರಕ್ಕ ಬಾಗಿಲು ತೆಗೆದಳು. ಬೀರುವಿನಿಂದ ಪತ್ರ ತಂದಳು. ತಾನೇಕೆ ಹೀಗೆ ಮಾಡುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಜೋರಾಗಿ ಓದುತ್ತ ಹೋದಳು. "ನನ್ನ ಪಾಲಿನ ಪೂರ್ತಿ ಹಣವು ನನ್ನ ಕೈ ಸೇರಿದ್ದು, ಸದರಿ ಮನೆಯ ಮೇಲೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಇನ್ನು ಯಾವ ಹಕ್ಕೂ ಇರುವುದಿಲ್ಲ."

"ಇನ್ನೊಂದು ಸಲ ಓದಿ" ಎಂದಳು ಹೆಂಗಸು.

ಓದಿದಳು.

"ಒಂದು ಬಿಡಿಗಾಸೂ ಸೇರಿಲ್ಲ" ಎಂದು ಹೆಂಗಸು ತನ್ನ ಅಂಗೈಯನ್ನೇ ನೋಡಿಕೊಂಡಳು. ಆಮೇಲೆ, "ಇದರದ್ದೊಂದು ನಕಲು ಕೊಡ್ತೀರಾ?" ಎಂದು ಕೇಳಿದಳು.

"ನಾಳೆ ಬನ್ನಿ ಅಕ್ಕ" ಎಂದು ಕಳಿಸಿದಳು ಟೈಲರಕ್ಕ.

ಗಂಡ ಕೇಳಿ ಹೌಹಾರಿದ. "ನಿನಗೇನು ತಲೆ ಕೆಟ್ಟಿದೆಯಾ? ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಳ್ಳೋದಾ?"

"ನಾವು ಕೊಡದಿದ್ರೆ ನೋಂದಣಿ ಕಚೇರಿಲಿ ತಗೋತಾಳೆ. ಆಗ ನಾವೂ ಅವಳ ಅಣ್ಣನ ಜೊತೆ ಸೇರಿಕೊಂಡವರು ಅಂತಾಳೆ."

"ಅದಕ್ಕೇನಾ ಕೊಡ್ತಿರೋದು?"

ಅವಳು ಪತ್ರವನ್ನು ಮಡಚಿಟ್ಟಳು. "ಅದಕ್ಕಷ್ಟೇ ಅಲ್ಲ. ಓದುವಾಗ ಅವಳ ಮುಖ ನೀವು ನೋಡಿಲ್ಲ."

ನಕಲು ಕೊಟ್ಟಳು. ವಕೀಲರು ಸಿಟ್ಟಾದರು. ನಾನು ನಿಮ್ಮ ಕಡೆಯವನು, ಆಕೆ ಬೇರೆ ವಕೀಲರನ್ನು ನೋಡಿಕೊಳ್ಳಲಿ ಎಂದರು. ಆಕೆ ಹಾಗೆಯೇ ಮಾಡಿದಳು. ಇಪ್ಪತ್ತು ದಿನದ ಮೇಲೆ ಅಂಚೆಯವನು ಒಂದು ದಪ್ಪ ಲಕೋಟೆ ತಂದು ಸಹಿ ಹಾಕಿಸಿಕೊಂಡ. ಮೋಸವಾಗಿದೆ ಎಂದು ಆಕೆ ಹಾಕಿದ ಕೇಸಿನ ಕೋರ್ಟು ನೋಟಿಸು. ಒಂದನೇ ಪ್ರತಿವಾದಿ, ಅಣ್ಣ. ಎರಡನೇ ಪ್ರತಿವಾದಿಯ ಜಾಗದಲ್ಲಿ ಟೈಲರಕ್ಕನದೇ ಹೆಸರು, ತಂದೆಯ ಹೆಸರಿನ ಸಮೇತ. ಅವಳು ಬಾಗಿಲ ಬಳಿ ನೆಲದ ಮೇಲೇ ಕೂತು ಅದನ್ನು ಕೊನೆಯವರೆಗೂ ಓದಿದಳು. ಕೊಟ್ಟ ಕೈಯನ್ನೇ ಕಚ್ಚಿದಳಲ್ಲ ಎಂದು ಗಂಡ ಕೂಗಾಡಿದ.

ಓಡಿಹೋಗಿ ಕೇಳಿದರೆ ವಕೀಲರು, "ನಿಮ್ಮನ್ನ ಬಿಟ್ಟು ಕೇಸ್ ಹಾಕೋಕಾಗಲ್ಲ, ಮನೆ ನಿಮ್ಮ ಹೆಸರಲ್ಲಿದೆ. ಇದು ದ್ವೇಷ ಅಲ್ಲ, ಕ್ರಮ" ಎಂದರು. ಕ್ರಮ ಎಂದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ? ಐದು ತಿಂಗಳು ಅವಳು ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡಲಿಲ್ಲ. ಗೆಳತಿಯರನ್ನು ಮನೆಗೆ ಕರೆಯಲಿಲ್ಲ. ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಯಂತ್ರ ನಿಲ್ಲಿಸಿ ಗೇಟಿನತ್ತ ನೋಡುತ್ತಿದ್ದಳು.

ಕೊನೆಗೆ ಔಷಧಿ ಅಂಗಡಿಯವನೇ ಬಗ್ಗಿದ. ಕೋರ್ಟಿನ ಕಟಕಟೆಯಲ್ಲಿ ತಂಗಿಯ ಕಣ್ಣಿನ ಡಾಕ್ಟರು ಸಾಕ್ಷಿ ನುಡಿಯುವುದು ಅವನಿಗೆ ಬೇಡವಾಗಿತ್ತು. ಮನೆ ಮಾರಿದ ಹಣದಲ್ಲಿ ಅರ್ಧ ತಂಗಿಗೆ ಸೇರಿತು. ಈ ಮಾರಾಟ ನನಗೆ ಒಪ್ಪಿಗೆ ಎಂದು ಆಕೆ ಹೊಸದೊಂದು ಪತ್ರ ಬರೆದುಕೊಡಬೇಕೆಂದಾಯಿತು.

ನೋಂದಣಿ ಕಚೇರಿಯಲ್ಲಿ ಅಂದು ಸಾಲು ಹನುಮನ ಬಾಲದಂತೆ ಬೆಳೆದಿತ್ತು. ಹೆಂಗಸು ಪತ್ರವನ್ನು ಮೇಜಿನ ಮೇಲೆ ಹರಡಿ, ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. "ಬೇಗ ಮಾಡೀಮ್ಮ" ಎಂದ ಗುಮಾಸ್ತ. ಅವಳು ತಲೆಯೆತ್ತಲಿಲ್ಲ. ಎರಡನೇ ಪುಟದಲ್ಲಿ ಬೆರಳು ನಿಂತಿತು. ಟೈಲರಕ್ಕ ಮೇಜಿನ ಹತ್ತಿರಕ್ಕೆ ಸರಿದಳು.

"ಇಲ್ಲಿ ಅಮ್ಮನ ಹೆಸರು ತಪ್ಪಾಗಿದೆ."

ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಗುಮಾಸ್ತ ಗೊಣಗುತ್ತ ತಿದ್ದಿ ಮತ್ತೆ ಅಚ್ಚು ಹಾಕಿಸಿದ. ಅವಳು ಮೊದಲಿನಿಂದ ಮತ್ತೊಮ್ಮೆ ಓದಿದಳು. ಆಮೇಲೆ ಸಹಿ ಹಾಕಿದಳು.

ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ಒಂದು ಗಳಿಗೆ ನಿಂತರು. "ನಿಮ್ಮ ಹೆಸರು ಸೇರಿಸಬೇಕಾಗಿ ಬಂತು. ಬೇಜಾರು ಮಾಡ್ಕೋಬೇಡಿ" ಎಂದಳು ಹೆಂಗಸು.

"ಆಗ ಬೇಜಾರಾಗಿತ್ತು ಅಕ್ಕ" ಎಂದಳು ಟೈಲರಕ್ಕ. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಹೆಂಗಸು ತಲೆಯಾಡಿಸಿ ತನ್ನ ಬಸ್ಸಿನ ಕಡೆ ನಡೆದಳು.