ಹಾಲಿನಪುಡಿ ಡಬ್ಬಿಯೂ ಹುಣಸೆಮರವೂ

ಆತಂಕವಾದರೆ ಕೆಲವರಿಗೆ ಎದೆ ಹೊಡೆದುಕೊಳ್ಳುತ್ತದೆ. ನನಗೆ ಹೊಟ್ಟೆ ಕೆಡುತ್ತದೆ. ಹೇಳಿಕೊಳ್ಳುವಂಥ ವಿಷಯವಲ್ಲ. ಆದರೆ ಬಳ್ಳಾರಿ–ಸಿರುಗುಪ್ಪ ಹೆದ್ದಾರಿಯ ಚರಿತ್ರೆಯಲ್ಲಿ ಈಗ ನನ್ನ ಹೊಟ್ಟೆಗೂ ಒಂದು ಪಾತ್ರವಿದೆ.

ರಸ್ತೆ ಅಗಲವಾಗುತ್ತದೆಂದು ತಿಳಿದಾಗಿನಿಂದ ಅದರ ಸಾಲುಮರ, ಮೈಲಿಗಲ್ಲುಗಳ ಚಿತ್ರ ತೆಗೆಯುತ್ತಿದ್ದೇನೆ. ಕ್ಯಾಮೆರಾ ಎಂದರೆ ಹಾಲಿನಪುಡಿಯ ಡಬ್ಬಿ. ಒಳಗೆ ಒಂದು ಹಾಳೆ ಫೋಟೊ ಕಾಗದ. ಮುಂದೆ ಸೂಜಿಮೊನೆಯಷ್ಟು ತೂತು, ಅದರ ಮೇಲೆ ಕಪ್ಪು ಟೇಪು. ಟೇಪು ಕಿತ್ತು ನಿಮಿಷಗಟ್ಟಲೆ ಕಾಯಬೇಕು, ಅಷ್ಟೇ. "ಕಿಸೆದಾಗ ಮೊಬೈಲು ಇಟ್ಕೊಂಡು ಡಬ್ಬಿ ಹಿಡ್ಕೊಂಡು ತಿರಗ್ತೀರಲ್ರಿ," ಎಂದು ಹೆಂಡತಿ ನಗುತ್ತಾಳೆ. ಆದರೆ ಡಬ್ಬಿಗೊಂದು ಗುಣವಿದೆ: ಕದಲದೆ ನಿಂತದ್ದು ಮಾತ್ರ ಅದಕ್ಕೆ ಕಾಣುತ್ತದೆ. ಭತ್ತದ ಲಾರಿ, ಬಸ್ಸು, ಬೈಕು, ಓಡುವುದೆಲ್ಲ ಮಾಯ.

ಕುರುಗೋಡಿಗೆ ತಿರುಗುವಲ್ಲಿನ ಹುಣಸೆಮರವನ್ನು ಕೊನೆಗೆಂದು ಉಳಿಸಿಕೊಂಡಿದ್ದೆ, ರುಚಿಯಾದದ್ದನ್ನು ಎಲೆಯ ಅಂಚಿಗೆ ಸರಿಸಿಡುವವನಂತೆ. ಅದೇ ತಪ್ಪಾಯಿತು. ನಾನು ಹೋದ ದಿನ ಗರಗಸದವರು ಮರಕ್ಕೆ ಹಗ್ಗ ಕಟ್ಟಿ ಚಹಾಕ್ಕೆ ಹೊರಟಿದ್ದರು. "ಬಂದ ಕೂಡಲೆ ಸುರು ಮಾಡೋದ್ರಿ," ಎಂದರು. ಡಬ್ಬಿಯಲ್ಲಿ ಇದ್ದದ್ದು ಒಂದೇ ಹಾಳೆ. ಮೋಡ ಬೇರೆ, ಹದಿನೈದು ನಿಮಿಷವಾದರೂ ಬೇಕು. ಮರದೆದುರಿನ ಮೈಲಿಗಲ್ಲಿನ ಮೇಲೆ ಡಬ್ಬಿ ಇಟ್ಟು ಟೇಪು ಕಿತ್ತೆ. ಆಗಲೇ ಹೊಟ್ಟೆ ಗುಡುಗಿತು.

ಆ ಮರದ ನೆರಳಲ್ಲೇ ವರ್ಷಗಟ್ಟಲೆ ಪೇರಲಹಣ್ಣು ಮಾರಿದ ಹಂಪಮ್ಮ ಬುಟ್ಟಿ ಎತ್ತಿಕೊಂಡು ಈಚೆ ಬಂದಿದ್ದಳು. "ಯಮ್ಮಾ, ಇದನ್ನ ಯಾರೂ ಮುಟ್ಟದಂಗ ನೋಡ್ಕೊ," ಎಂದೆ. "ಹೋಗಿ ಬರ್ರಿ, ನಾ ಅದೀನಿ," ಎಂದಳು.

ಜಾಲಿಯ ಮರೆಯಲ್ಲಿ ಕೂತರೂ ಜೀವವೆಲ್ಲ ಡಬ್ಬಿಯಲ್ಲೇ. ಯಾರೋ ಬಾಂಬೆಂದು ಒದ್ದರೆ? ಮುಚ್ಚಳ ತೆಗೆದು ನೋಡಿದರೆ? ಓಡಿ ಬಂದೆ. ಹಂಪಮ್ಮ ಡಬ್ಬಿಗೆ ಬೆನ್ನು ಕೊಟ್ಟು, ಸರಿಯಾಗಿ ಅದರ ಮುಂದೆಯೇ ಕೂತಿದ್ದಳು.

"ಒಂದು ನೊಣಾನೂ ಮುಟ್ಟಿಲ್ರಿ. ನೀವು ಹೋದಾಗಿಂದ ಅಲ್ಲಾಡಿಲ್ಲ ನೋಡ್ರಿ!"

ನನಗೆ ಅಳುವೇ ಬಂತು. ಟೇಪು ಅಂಟಿಸಿದೆ. ಹಿಂದೆ ಗರಗಸ ಶುರುವಾಯಿತು.

ಮನೆಯ ಬಚ್ಚಲಲ್ಲಿ ಕಾಗದ ತೊಳೆದಾಗ ನಡುವೆ ಮೂಡಿದ್ದು ಹಂಪಮ್ಮನ ತುರುಬು, ಅಗಲವಾದ ಬೆನ್ನು. ಬೊಡ್ಡೆ ಅದರಾಚೆ ಅಡಗಿತ್ತು. ಕೊಂಬೆಗಳು ಮಾತ್ರ ಅವಳ ತಲೆಯ ಮೇಲೆ ಹರಡಿದ್ದವು.

ಮುಂದಿನ ವಾರ ಚಿತ್ರ ಒಯ್ದು ತೋರಿಸಿದೆ. ಕಡಿದುಳಿದ ಮರದ ಬುಡದ ಪಕ್ಕ ಛತ್ರಿ ಬಿಚ್ಚಿಕೊಂಡು ಕೂತಿದ್ದಳು. "ಅಯ್ಯ, ಗಿಡಕ್ಕ ನಾನ ಅಡ್ಡ ಕುಂತೀನಲ್ರಿ! ಆಚೆ ಸರಿ ಅಂತ ಒಂದು ಮಾತು ಹೇಳಬಾರ್ದಾ?" ಎಂದು ಪೇಚಾಡಿದಳು.

ಹೇಳಲು ನಾನು ಅಲ್ಲಿರಬೇಕಲ್ಲ! ಆ ಹದಿನೈದು ನಿಮಿಷ ಕದಲದೆ ಉಳಿದವರು ಇಬ್ಬರೇ, ಮರ ಮತ್ತು ಹಂಪಮ್ಮ. ಮರವನ್ನು ಉಳಿಸಿಕೊಳ್ಳಲು ಹೊರಟ ನಾನು ಲಾರಿಗಳ ಜೊತೆ ಓಡಿಹೋದವರ ಸಾಲಿಗೆ ಸೇರಿದ್ದೆ.