ಬಾವ ಬೆನ್ನು ಮಾಡಿ ನಿಂತದ್ದು

ಆಗ ನನಗೆ ಅರವತ್ತೆಂಟು ಇರಬೇಕು. ಅದಾಗಿ ಮೂರು ವರ್ಷವಾಯಿತು. ವಯಸ್ಸು ಅಂದಾಜಿನದು, ನಾನು ಹುಟ್ಟಿದ್ದನ್ನು ಯಾರೂ ಬರೆದಿಟ್ಟಿಲ್ಲ.

ಸುದ್ದಿ ತಂದವಳು ದೊಡ್ಡ ಮಗನ ಮಗಳು. ಅವಳು ಕೊಪ್ಪಳದ ಕಾಲೇಜಿಗೆ ಹೋಗುತ್ತಿದ್ದಳು. ಮುನಿರಾಬಾದಿನ ಹಿನ್ನೀರಿನ ಹತ್ತಿರ ಪಂದ್ಯವಿದೆ, ಒಂದೇ ಮನೆಯ ಮೂವರು ಸೇರಬಹುದು ಎಂದಳು. ಒಬ್ಬರು ಈಜಬೇಕು, ಒಬ್ಬರು ಸೈಕಲ್ ತುಳಿಯಬೇಕು, ಒಬ್ಬರು ಓಡಬೇಕು. ರಿಲೇ ಟ್ರಯಥ್ಲಾನ್ ಎನ್ನುತ್ತಾರೆ. ನನ್ನ ನಾಲಿಗೆಗೆ ಆ ಹೆಸರು ಇವತ್ತಿಗೂ ಹೊರಳುವುದಿಲ್ಲ.

ಓಡಲು ಅವಳೇ ಇದ್ದಳು. ಸೈಕಲ್ಲಿಗೆ ಅವಳ ಅಪ್ಪ. ಅವನು ದಿನಾ ಹಾಲಿನ ಕ್ಯಾನು ಕಟ್ಟಿಕೊಂಡು ಯಲಬುರ್ಗಾಕ್ಕೆ ತುಳಿಯುವವನು. ಈಜಲು ನನ್ನ ಸಣ್ಣ ಸೊಸೆ. ಅವಳ ತವರು ಹುಲಿಗಿ, ಹೊಳೆಯಲ್ಲೇ ಬೆಳೆದವಳು. ನಮ್ಮೂರಿಗೆ ಬಂದ ಮೇಲೆ ಅವಳು ಕಂಡದ್ದು ಕೊಡದ ನೀರು ಮಾತ್ರ. ಅವಳ ಗಂಡ, ನನ್ನ ಸಣ್ಣ ಮಗ, ಟಂಟಂ ಆಟೋ ಓಡಿಸುತ್ತಾನೆ. ಹೊಟ್ಟೆ ಬಂದಿದೆ, ಇಂಥದ್ದಕ್ಕೆ ಬಾರದವನು.

ಅದೇ ಹೊತ್ತಿಗೆ ಕೊಪ್ಪಳದ ಒಂದು ಈಜುಕೊಳದಲ್ಲಿ ಹುಡುಗಿಯರಿಗೆ ಕಲಿಸಲು ಹೆಂಗಸೊಬ್ಬಳು ಬೇಕಾಗಿದ್ದಳು. ಸಣ್ಣ ಸೊಸೆಗೆ ಹೋಗಬೇಕೆಂದು ಭಾಳ ಇತ್ತು. ನನ್ನ ಗಂಡ ಸತ್ತ ಮೇಲೆ ಮನೆಯ ಮಾತು ದೊಡ್ಡ ಮಗನದು. ಅವನು ಒಪ್ಪಿರಲಿಲ್ಲ.

ನಮ್ಮಲ್ಲಿ ತಮ್ಮನ ಹೆಂಡತಿ ಬಾವನ ಜೊತೆ ಮಾತಾಡುವುದಿಲ್ಲ. ಎದುರಾದರೆ ಅವಳು ಸೆರಗು ಎಳೆದುಕೊಳ್ಳುತ್ತಾಳೆ, ಅವನು ಮುಖ ಆಚೆ ಮಾಡುತ್ತಾನೆ. ಚಹಾವನ್ನೂ ಕೈಗೆ ಕೊಡುವುದಿಲ್ಲ. ಬಟ್ಟಲು ನೆಲಕ್ಕಿಟ್ಟು ಹಿಂದೆ ಸರಿಯುತ್ತಾಳೆ, ಆಮೇಲೆ ಅವನು ಎತ್ತಿಕೊಳ್ಳುತ್ತಾನೆ. ಏನೇ ಹೇಳುವುದಿದ್ದರೂ ನಡುವೆ ನಾನು ಬೇಕು.

"ಅತ್ತಿ, ಕೊಪ್ಪಳಕ್ಕ ಹೋಗ್ಲೇನ ಅಂತ ಬಾವಾರನ್ನ ಕೇಳ್ರಿ."

"ಹೋಗ್ಲೇನ ಅಂತಾಳಪ್ಪಾ" ಎಂದೆ.

"ಮೊದ್ಲ ಈ ಪಂದ್ಯಾ ಮಾಡಿ ತೋರಸ್ಲಿ ಅಂತ ಹೇಳವ್ವ. ಮೂರೂ ಮಂದಿ ಕಡೀತನಕ ಮುಗಿಸಿದ್ರ ಹೋಗ್ಲಿ. ನಡಕ ನಿಂತ್ರ ಈ ಮಾತು ಮತ್ತ ಎತ್ತಬಾರ್ದು."

"ಕೇಳಿಸ್ತೇನ?" ಎಂದೆ ಅವಳಿಗೆ.

"ಕೇಳಿಸ್ತ್ರಿ, ಇಲ್ಲೇ ಅದೀನಲ್ರಿ."

ತವರಿಗೆ ಹೋಗಿ ಹೊಳೆಯಲ್ಲಿ ಈಜಿ ಕೈಕಾಲು ಸಡಿಲ ಮಾಡಿಕೊಂಡು ಬಂದಳು.

ಪಂದ್ಯದ ದಿನ ನಸುಕಿನಲ್ಲೇ ಹೊರಟೆವು. ಎಮ್ಮೆ ನೋಡಿಕೊಳ್ಳಲು ದೊಡ್ಡ ಸೊಸೆ ಉಳಿದಳು. ಸೈಕಲ್ಲನ್ನು ಟಂಟಂ ಮೇಲೆ ಹಗ್ಗದಿಂದ ಬಿಗಿದರು. ಗಂಡಸರಿಬ್ಬರು ಮುಂದೆ, ನಾವು ಮೂವರು ಹಿಂದೆ, ರೊಟ್ಟಿಗಂಟು ನನ್ನ ತೊಡೆಯ ಮೇಲೆ. ಸಣ್ಣ ಸೊಸೆ ಮೊಮ್ಮಗಳ ಪ್ಯಾಂಟು ಅಂಗಿ ಹಾಕಿಕೊಂಡು ಮೇಲೆ ಸೀರೆ ಉಟ್ಟಿದ್ದಳು. ಕೊಪ್ಪಳ ದಾಟಿತು.

"ಅಣ್ಣಾ, ಹಾಲಿನ ಕ್ಯಾನ್ ಇಲ್ದ ಸೈಕಲ್ ನಡಸಾಕ ಬರ್ತೈತಿಲ್ಲ ನಿನಗ?" ಎಂದ ಸಣ್ಣವನು.

"ನೀ ಸುಮ್ನ ಗಾಡಿ ಹೊಡಿ. ಹೊಟ್ಟಿ ಹ್ಯಾಂಡಲ್ಲಿಗೆ ಬಡ್ಯಾಕತ್ತೈತಿ, ನೋಡ್ಕೊ."

ಹಿಂದೆ ಸಣ್ಣ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ದಂಡೆಯಲ್ಲಿ ಬ್ಯಾನರ್ ಕಟ್ಟಿದ್ದರು. ನಾನು ಅಕ್ಷರ ಕೂಡಿಸಿ ಮೊದಲ ಸಾಲು ಓದುವಷ್ಟರಲ್ಲಿ ಟಂಟಂ ಮುಂದೆ ಹೋಯಿತು. ಸೀಟಿ ಕೊರಳಿಗೆ ಹಾಕಿಕೊಂಡ ಒಬ್ಬಾತ ಎಲ್ಲರಿಗೂ ತಿಳಿಸಿ ಹೇಳಿದ. ಈಜುವವರ ಕಾಲಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಹೊತ್ತು ಎಷ್ಟು ಹಿಡಿಯಿತೆಂದು ಅದರಿಂದ ಗೊತ್ತಾಗುತ್ತದೆ. ಈಜಿ ಬಂದವರು ಅದನ್ನು ಬಿಚ್ಚಿ ಸೈಕಲ್ಲಿನವರಿಗೆ ಕೊಡಬೇಕು, ಅವರು ಓಡುವವರಿಗೆ. ನಮ್ಮವರು ತಲೆ ಆಡಿಸಿದರು. ಮುಂದೆ ಆಗುವ ತೊಡಕು ಯಾರಿಗೂ ಹೊಳೆಯಲಿಲ್ಲ, ನನಗೂ.

ಅವಳು ಛಲೋ ಈಜಿದಳು. ಗಂಡಸರೇ ಹೆಚ್ಚಿದ್ದರು, ಅವರಲ್ಲಿ ಅರ್ಧಕ್ಕರ್ಧ ಜನರನ್ನು ಹಿಂದೆ ಹಾಕಿ ದಂಡೆ ಹತ್ತಿದಳು. ಮೈಗೆ ಅಂಟಿದ ಒದ್ದೆ ಬಟ್ಟೆಯಲ್ಲೇ ಸೈಕಲ್ಲಿದ್ದ ಕಡೆ ಓಡಿದಳು. ಬಾವ ಕಂಡದ್ದೇ ಅವಳ ಕೈ ತಲೆಯ ಮೇಲೆ ಹೋಯಿತು. ಅಲ್ಲಿ ಸೆರಗು ಇರಲಿಲ್ಲ. ಅವಳಿಗೆ ನಾಚಿಕೆಯಾಗಬಾರದೆಂದು ನನ್ನ ಮಗ ಸೈಕಲ್ ಹಿಡಿದುಕೊಂಡೇ ಬೆನ್ನು ಮಾಡಿ ನಿಂತುಬಿಟ್ಟ.

ಅವಳು ಪಟ್ಟಿ ಬಿಚ್ಚಿ ಅವನ ಹಿಂದೆ ನೆಲಕ್ಕಿಟ್ಟು, ಎರಡು ಹೆಜ್ಜೆ ಸರಿದು ನಿಂತಳು. ಇಟ್ಟದ್ದು ಅವನಿಗೆ ಗೊತ್ತಿಲ್ಲ. ಕರೆಯಲು ಅವಳಿಗೆ ಬಾಯಿಲ್ಲ. ಅವಳು ಹಿಂದೆ ಹಾಕಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಪಟ್ಟಿ ಕೊಟ್ಟರು, ಅವರ ಸೈಕಲ್ಲುಗಳು ಹೋದವು. ಸೀಟಿಯವನು ಓಡಿ ಬಂದ.

"ಏನ್ ಮಾಡಾಕತ್ತೀರಿ ಯಕ್ಕಾರ? ನೆಲಕ್ಕ ಇಡಂಗಿಲ್ರಿ! ಕೈಯಾಗ ಕೊಡ್ರಿ, ಇಲ್ಲಾಂದ್ರ ನಿಮ್ಮ ಟೀಮ್ ತಗದುಬಿಡ್ತೇವ್ರಿ!"

ಅವಳು ಪಟ್ಟಿ ಎತ್ತಿಕೊಂಡಳು. ಜನ ಒಳಬರದಂತೆ ಕಟ್ಟಿದ ಹಗ್ಗದ ಈಚೆ ನಿಂತಿದ್ದ ನನ್ನ ಕಡೆ ನೋಡಿದಳು. ಮೊಮ್ಮಗಳು ತನ್ನ ಸರದಿ ಕಾಯುತ್ತಾ ಆ ತುದಿಯಲ್ಲಿ ಕುಣಿಯುತ್ತಿದ್ದಳು. ಸಣ್ಣ ಮಗ "ಯವ್ವಾ, ಏನರ ಹೇಳ" ಎಂದ.

"ಏ ಮೂಳಾ, ಈ ಕಡೆ ತಿರುಗು!" ಎಂದು ಕೂಗಿದೆ.

"ಯವ್ವಾ, ಅಕಿ ಅದಾಳಲ್ಲ..."

"ಅಕಿ ಇರಾಕ ಬೇಕಲ್ಲೋ, ಈಜ್ಯಾಳ! ತಗೋ ಅಕಿ ಕೈಯಾಗಿಂದು!"

ತಿರುಗಿದ. ನೆಲ ನೋಡುತ್ತಲೇ ಕೈ ಚಾಚಿದ. ಅವಳು ಕೊಟ್ಟಳು. ಅವನಿಗೆ ಕಟ್ಟಿಕೊಳ್ಳಲು ಬರಲಿಲ್ಲ. ಅವಳೇ ಕೂತು ಅವನ ಕಾಲಿಗೆ ಕಟ್ಟಿದಳು. ಹಬ್ಬದಲ್ಲೂ ಅವಳು ಅವನ ಕಾಲು ಮುಟ್ಟಿದವಳಲ್ಲ, ಎದುರಿನ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

"ಹೋಗ್ರಿ ಬಾವಾರ" ಎಂದಳು.

ಅವಳು ನೇರ ಅವನಿಗೇ ಮಾತಾಡಿದ್ದು ಅದೇ ಮೊದಲು. ಹೋದ. ಹಾಲು ಚೆಲ್ಲುವ ಭಯವಿಲ್ಲದೆ ತುಳಿದ, ಕೆಲವರನ್ನು ಹಿಂದೆ ಹಾಕಿದ. ಮೊಮ್ಮಗಳು ಓಡಿ ಮುಗಿಸಿದಳು. ನಮ್ಮ ಹಿಂದೆ ಎರಡೇ ಟೀಮು ಇದ್ದವು. ಕೊರಳಿಗೆ ತಗಡಿನ ಬಿಲ್ಲೆ ಹಾಕಿದರು. ಬೇವಿನ ಗಿಡದ ಕೆಳಗೆ ರೊಟ್ಟಿ ತಿಂದೆವು, ಅವನು ಆ ಕಡೆ ಮುಖ ಮಾಡಿ, ಅವಳು ಈ ಕಡೆ. ದಾರಿಯುದ್ದಕ್ಕೂ ಕೊಪ್ಪಳದ ಮಾತನ್ನು ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡ ಮಗ ಪಡಸಾಲೆಯಲ್ಲಿ ಕೂತಿದ್ದ. ಸಣ್ಣ ಸೊಸೆ ಬಟ್ಟಲನ್ನು ನೆಲಕ್ಕಿಟ್ಟು ಹಿಂದೆ ಸರಿದಳು.

"ಅತ್ತಿ, ಕೊಪ್ಪಳಕ್ಕ ಯಾವಾಗ ಹೋಗ್ಲಿ ಅಂತ ಬಾವಾರನ್ನ ಕೇಳ್ರಿ."

"ಅಂವಾ ಅಲ್ಲೇ ಕುಂತಾನ. ನಿನ್ನೆ ಬಾಯಿ ಇತ್ತಲ್ಲ ನಿನಗ?" ಎಂದು ಚರಿಗೆ ತೆಗೆದುಕೊಂಡು ಕೊಟ್ಟಿಗೆಗೆ ನಡೆದೆ. ಅವಳು ಕೇಳಿದ್ದು ನನಗೆ ಕೇಳಿಸಲಿಲ್ಲ. ಅವನು "ಇವತ್ತ ಹೋಗು" ಎಂದದ್ದು ಕೇಳಿಸಿತು. ಎಮ್ಮೆಯ ಕೆಚ್ಚಲು ತೊಳೆದು ಹಾಲು ಹಿಂಡಿದೆ.